ಕಥೋಲಿಕ ಪಂಚಾಂಗದಲ್ಲಿ ಸಂತರ ಹಬ್ಬಗಳು

ಸಂತರ ಹಬ್ಬ ಎಂಬುದು ಕಥೋಲಿಕ ಕ್ರೈಸ್ತ ಧರ್ಮಸಭೆಯು ಒಬ್ಬ ಸಂತ ಅಥವಾ ಸಂತಳನ್ನು, ಕೆಲವೊಮ್ಮೆ ಸಂತರ ಒಂದು ಗುಂಪನ್ನು, ವರ್ಷದ ನಿಗದಿತ ದಿನದಂದು ಪೂಜಾವಿಧಿಯಲ್ಲಿ ಸ್ಮರಿಸುವ ಆಚರಣೆಯಾಗಿದೆ. ಇಂತಹ ದಿನಗಳನ್ನೂ, ಕ್ರಿಸ್ತಜಯಂತಿ, ತಪಸ್ಸುಕಾಲ, ಈಸ್ಟರ್ ಮೊದಲಾದ ಕ್ರಿಸ್ತನ ಜೀವನಕ್ಕೆ ಸಂಬಂಧಿಸಿದ ಕಾಲಗಳನ್ನೂ ಸೇರಿಸಿ ರಚಿಸಿದ ವಾರ್ಷಿಕ ಕ್ರಮವನ್ನು ಪೂಜಾವಿಧಿ ಪಂಚಾಂಗ ಎಂದು ಕರೆಯಲಾಗುತ್ತದೆ. ಲೋಕದ ಎಲ್ಲ ಲ್ಯಾಟಿನ್ ವಿಧಿಯ ಕಥೋಲಿಕರಿಗೂ ಅನ್ವಯಿಸುವ ಸಾಮಾನ್ಯ ರೋಮನ್ ಪಂಚಾಂಗವೊಂದಿದೆ. ಅದರ ಮೇಲೆ ದೇಶ, ಧರ್ಮಪ್ರಾಂತ್ಯ, ಸನ್ಯಾಸ ಸಭೆ ಹಾಗೂ ಆಯಾ ದೇವಾಲಯದ ವಿಶೇಷ ದಿನಗಳು ಸೇರಿಕೊಳ್ಳುತ್ತವೆ. ಈ ಕಾರಣದಿಂದ ಒಂದೇ ದಿನಾಂಕವು ಬೆಂಗಳೂರು, ಕಾರ್ಕಳ ಮತ್ತು ಯಲಬುರ್ಗಾಗಳಲ್ಲಿ ಬೇರೆ ಬೇರೆ ದರ್ಜೆಯ ಆಚರಣೆಯಾಗಿರಬಹುದು.

ಸಂತರ ಹಬ್ಬಗಳು ಸಾಮಾನ್ಯವಾಗಿ ಸೌರಮಾನದ ಗ್ರೆಗೋರಿಯನ್ ದಿನಾಂಕಗಳಿಗೆ ಬದ್ಧವಾಗಿರುತ್ತವೆ. ಈಸ್ಟರ್ ಹಾಗೂ ಅದನ್ನು ಅವಲಂಬಿಸಿದ ಹಬ್ಬಗಳು ಮಾತ್ರ ಚಂದ್ರನ ಗತಿಯನ್ನು ಅನುಸರಿಸಿ ಪ್ರತಿವರ್ಷ ಸ್ಥಾನ ಬದಲಿಸುತ್ತವೆ.

## ದಿನಾಂಕವನ್ನು ನಿರ್ಧರಿಸುವ ಬಗೆ

ಸಂತರ ಹಬ್ಬವು ಬಹುತೇಕ ಸಂದರ್ಭಗಳಲ್ಲಿ ಅವರು ಹುಟ್ಟಿದ ದಿನವಲ್ಲ, ಮರಣ ಹೊಂದಿದ ದಿನ. ಆದಿ ಕ್ರೈಸ್ತರು ಮರಣದ ದಿನವನ್ನು ಸ್ವರ್ಗದಲ್ಲಿ ಜನಿಸಿದ ದಿನವೆಂದು ಭಾವಿಸಿದರು. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ದಿಯೆಸ್ ನತಾಲಿಸ್', ಅಂದರೆ ಜನ್ಮದಿನ ಎಂಬ ಹೆಸರೇ ರೂಢಿಗೆ ಬಂದಿತು. ಸಂತ ಅಂತೋಣಿಯವರು 1231ರ ಜೂನ್ 13ರಂದು ಇಟಲಿಯ ಪಾದುವಾದಲ್ಲಿ ನಿಧನರಾದುದರಿಂದ ಅವರ ಹಬ್ಬ ಜೂನ್ 13. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರು 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡುದರಿಂದ ಅವರ ಹಬ್ಬ ಡಿಸೆಂಬರ್ 3.

ಈ ಕಲ್ಪನೆಯು ಕರ್ನಾಟಕದ ಇತರ ಧಾರ್ಮಿಕ ಪರಂಪರೆಗಳಿಗೂ ಅಪರಿಚಿತವಲ್ಲ. ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿಯಿರುವ ನವವೃಂದಾವನದಲ್ಲಿ ಮಾಧ್ವ ಯತಿಗಳ ಆರಾಧನೆಯು ಅವರು ವೃಂದಾವನಸ್ಥರಾದ ತಿಥಿಯಂದು ನಡೆಯುತ್ತದೆ. ಶರಣ ಮಠಗಳಲ್ಲಿ ಲಿಂಗೈಕ್ಯರಾದ ಗುರುಗಳ ಪುಣ್ಯಸ್ಮರಣೆ ನಡೆಯುತ್ತದೆ. ಸೂಫಿ ದರ್ಗಾಗಳ ಉರುಸು ಕೂಡ ಸಂತರ ಮರಣದಿನವನ್ನೇ ಆಧರಿಸಿದೆ. ವ್ಯತ್ಯಾಸವಿರುವುದು ಕಾಲಗಣನೆಯಲ್ಲಿ. ಆರಾಧನೆಯು ಚಾಂದ್ರಮಾನ ತಿಥಿಯನ್ನೂ ಉರುಸು ಹಿಜರಿ ತಿಂಗಳನ್ನೂ ಅನುಸರಿಸಿದರೆ, ಕಥೋಲಿಕ ಸಂತರ ಹಬ್ಬ ಸೌರ ದಿನಾಂಕವನ್ನು ಅನುಸರಿಸುತ್ತದೆ.

ಮರಣದಿನದ ನಿಯಮಕ್ಕೆ ಹಲವು ಅಪವಾದಗಳಿವೆ:

* ಜನ್ಮದಿನಗಳು: ಸಾಮಾನ್ಯ ಪಂಚಾಂಗದಲ್ಲಿ ಯೇಸುವಿನ ಹೊರತಾಗಿ ಇಬ್ಬರ ಲೌಕಿಕ ಜನನಕ್ಕೆ ಮಾತ್ರ ಹಬ್ಬವಿದೆ. ಸ್ನಾನಿಕ ಯೊವಾನ್ನರ ಜನನ ಜೂನ್ 24ರಂದು, ಮಾತೆ ಮರಿಯಮ್ಮನವರ ಜನನ ಸೆಪ್ಟೆಂಬರ್ 8ರಂದು ಆಚರಿಸಲ್ಪಡುತ್ತದೆ. ಯೊವಾನ್ನರ ಶಿರಚ್ಛೇದದ ಸ್ಮರಣೆಯೂ ಪ್ರತ್ಯೇಕವಾಗಿ ಆಗಸ್ಟ್ 29ರಂದು ಇದೆ.
* ಜೀವನದ ಬೇರೊಂದು ಘಟನೆ: ಸಂತ ಅಂಬ್ರೋಸರ ದಿನವಾದ ಡಿಸೆಂಬರ್ 7 ಅವರು ಧರ್ಮಾಧ್ಯಕ್ಷರಾದ ದಿನ. 2005ರ ಏಪ್ರಿಲ್ 2ರಂದು ನಿಧನರಾದ ಎರಡನೆಯ ಜಾನ್ ಪಾಲ್ ಅವರ ಸ್ಮರಣೆಯು ಅವರ ಪೋಪ್ ಪದವಿಯ ಸೇವೆ ಔಪಚಾರಿಕವಾಗಿ ಆರಂಭವಾದ ಅಕ್ಟೋಬರ್ 22ರಂದು ನಡೆಯುತ್ತದೆ. ಇಪ್ಪತ್ತಮೂರನೆಯ ಜಾನ್ ಅವರಿಗೆ ಎರಡನೆಯ ವ್ಯಾಟಿಕನ್ ಮಹಾಸಭೆ 1962ರಲ್ಲಿ ಆರಂಭವಾದ ಅಕ್ಟೋಬರ್ 11 ನಿಗದಿಯಾಗಿದೆ.
* ಅವಶೇಷಗಳ ಸ್ಥಳಾಂತರ: 1274ರ ಮಾರ್ಚ್ 7ರಂದು ನಿಧನರಾದ ಸಂತ ತೋಮಾಸ್ ಅಕ್ವಿನಾಸರ ಮರಣದಿನವು ಸಾಮಾನ್ಯವಾಗಿ ತಪಸ್ಸುಕಾಲದಲ್ಲಿ ಬೀಳುತ್ತದೆ. ಆದ್ದರಿಂದ ಅವರ ಪವಿತ್ರಾವಶೇಷಗಳನ್ನು ಸ್ಥಳಾಂತರಿಸಿದ ಜನವರಿ 28ಕ್ಕೆ ಸ್ಮರಣೆಯನ್ನು ಸರಿಸಲಾಯಿತು.
* ದಿನಾಂಕಗಳ ಘರ್ಷಣೆ: ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಮತ್ತು ಅವರ ಸಂಗಡಿಗರನ್ನು ಜಪಾನಿನ ನಾಗಸಾಕಿಯಲ್ಲಿ 1597ರ ಫೆಬ್ರವರಿ 5ರಂದು ಕೊಲ್ಲಲಾಯಿತು. ಆ ದಿನ ಪುರಾತನ ರಕ್ತಸಾಕ್ಷಿ ಸಂತ ಅಗಾಥಾಳಿಗೆ ಸೇರಿದ್ದರಿಂದ ಇವರ ಸ್ಮರಣೆ ಫೆಬ್ರವರಿ 6ಕ್ಕೆ ಬಂದಿದೆ.

ದಿನದರ್ಶಿಕೆಯ ಸುಧಾರಣೆಯೂ ಒಂದು ಹಬ್ಬದ ಮೇಲೆ ಪರಿಣಾಮ ಬೀರಿದೆ. ಆವಿಲಾದ ಸಂತ ತೆರೇಸಾ 1582ರ ಅಕ್ಟೋಬರ್ 4ರ ರಾತ್ರಿ ನಿಧನರಾದರು. ಅದೇ ರಾತ್ರಿ ಸ್ಪೇನ್ ದೇಶವು ಜೂಲಿಯನ್ ಪದ್ಧತಿಯನ್ನು ಬಿಟ್ಟು ಗ್ರೆಗೋರಿಯನ್ ಪದ್ಧತಿಯನ್ನು ಸ್ವೀಕರಿಸಿತು. ಹತ್ತು ದಿನಗಳನ್ನು ಕೈಬಿಟ್ಟುದರಿಂದ ಮರುದಿನವೇ ಅಕ್ಟೋಬರ್ 15 ಆಯಿತು. ಆಕೆಯ ಹಬ್ಬ ಅಕ್ಟೋಬರ್ 15ರಂದು ಇದೆ.

## ಇತಿಹಾಸ

### ರಕ್ತಸಾಕ್ಷಿಗಳ ಸ್ಮರಣೆ

ಸಂತರ ಹಬ್ಬಗಳ ಮೂಲ ರಕ್ತಸಾಕ್ಷಿಗಳ ಸಮಾಧಿಗಳಲ್ಲಿದೆ. ಇಂದಿನ ತುರ್ಕಿಯ ಇಜ್ಮಿರ್ ಆಗಿರುವ ಸ್ಮಿರ್ನಾ ನಗರದ ಧರ್ಮಾಧ್ಯಕ್ಷ ಪೊಲಿಕಾರ್ಪರನ್ನು ಎರಡನೆಯ ಶತಮಾನದ ಮಧ್ಯಭಾಗದಲ್ಲಿ ಕೊಲ್ಲಲಾಯಿತು. ಅಲ್ಲಿನ ಕ್ರೈಸ್ತರು ಬರೆದ ಪತ್ರದಲ್ಲಿ, ಅವರ ಅಸ್ಥಿಗಳನ್ನು ಇರಿಸಿದ ಸ್ಥಳದಲ್ಲಿ ಪ್ರತಿವರ್ಷ ಕೂಡಿ ಅವರ ರಕ್ತಸಾಕ್ಷ್ಯದ ದಿನವನ್ನು ಆಚರಿಸುವ ಉದ್ದೇಶ ವ್ಯಕ್ತವಾಗಿದೆ. ಸಂತರ ವಾರ್ಷಿಕ ಸ್ಮರಣೆಗೆ ದೊರೆಯುವ ಅತಿ ಹಳೆಯ ಆಧಾರಗಳಲ್ಲಿ ಇದೊಂದು. ಪೊಲಿಕಾರ್ಪರ ಸ್ಮರಣೆ ಇಂದು ಫೆಬ್ರವರಿ 23ರಂದು ನಡೆಯುತ್ತದೆ.

ರೋಮ್ ನಗರದಲ್ಲಿ 354ರಲ್ಲಿ ಸಂಕಲಿತವಾದ ಒಂದು ದಿನದರ್ಶಿಕೆಯಲ್ಲಿ ರಕ್ತಸಾಕ್ಷಿಗಳನ್ನು ಸಮಾಧಿ ಮಾಡಿದ ದಿನಾಂಕ ಮತ್ತು ಸ್ಥಳಗಳ ಪಟ್ಟಿಯಿದೆ. ಚಕ್ರವರ್ತಿ ವಲೇರಿಯನ್ ಕಾಲದಲ್ಲಿ 258ರಲ್ಲಿ ಹತನಾದ ಸೇವಾದರ್ಶಿ ಲಾರೆನ್ಸನ ಹೆಸರು ಆ ಪಟ್ಟಿಯಲ್ಲಿ ಆಗಸ್ಟ್ 10ಕ್ಕೆ ನಮೂದಾಗಿದೆ. ಕಾರ್ಕಳದ ಅತ್ತೂರಿನಲ್ಲಿ ಪೂಜಿತನಾಗುವ ಸಂತ ಲಾರೆನ್ಸ್ ಇವನೇ. ಸಂತ ಆಗ್ನೆಸಳ ಜನವರಿ 21, ಸಂತ ಪೇತ್ರ ಮತ್ತು ಪೌಲರ ಜೂನ್ 29 ಕೂಡ ಆ ಪಟ್ಟಿಯಲ್ಲಿವೆ. ಈ ದಿನಾಂಕಗಳು ಹದಿನಾರು ಶತಮಾನಗಳಿಗೂ ಹೆಚ್ಚು ಕಾಲದಿಂದ ಬದಲಾಗದೆ ಉಳಿದಿವೆ.

ಆರಂಭದಲ್ಲಿ ಪ್ರತಿ ನಗರವೂ ತನ್ನಲ್ಲಿ ಸಮಾಧಿ ಇರುವವರನ್ನು ಮಾತ್ರ ಸ್ಮರಿಸುತ್ತಿತ್ತು. ಕಾಲಕ್ರಮದಲ್ಲಿ ನಗರಗಳು ಪಟ್ಟಿಗಳನ್ನು ವಿನಿಮಯ ಮಾಡಿಕೊಂಡವು. ಹಿಂಸಾಚಾರದ ಕಾಲ ಕಳೆದ ಬಳಿಕ ಸನ್ಯಾಸಿಗಳು, ಧರ್ಮಾಧ್ಯಕ್ಷರು, ಕನ್ಯಾವ್ರತಿಗಳು ಮೊದಲಾದವರ ಹೆಸರುಗಳೂ ಸೇರಿದವು.

### ಪೋಪರ ಅಧಿಕಾರ ಮತ್ತು ಏಕರೂಪದ ಪಂಚಾಂಗ

ಮೊದಲ ಸಾವಿರ ವರ್ಷಗಳಲ್ಲಿ ಒಬ್ಬರನ್ನು ಸಂತರೆಂದು ಒಪ್ಪಿಕೊಳ್ಳುತ್ತಿದ್ದುದು ಸ್ಥಳೀಯ ಜನ ಮತ್ತು ಧರ್ಮಾಧ್ಯಕ್ಷರು. ಆಗ್ಸ್‌ಬರ್ಗಿನ ಧರ್ಮಾಧ್ಯಕ್ಷ ಉಲ್ರಿಕ್‌ರಿಗೆ 993ರಲ್ಲಿ ಪೋಪ್ ಹದಿನೈದನೆಯ ಜಾನ್ ನೀಡಿದ ಮನ್ನಣೆಯನ್ನು ಪೋಪರಿಂದ ನಡೆದ ಮೊದಲ ಸಂತ ಪದವಿ ಘೋಷಣೆಯೆಂದು ಪರಿಗಣಿಸಲಾಗುತ್ತದೆ. ಮುಂದಿನ ಶತಮಾನಗಳಲ್ಲಿ ಈ ಅಧಿಕಾರ ಸಂಪೂರ್ಣವಾಗಿ ರೋಮಿನ ವಶವಾಯಿತು. 1588ರಲ್ಲಿ ಐದನೆಯ ಸಿಕ್ಸ್ಟಸ್ ಇದರ ಮೇಲ್ವಿಚಾರಣೆಗೆ ಪ್ರತ್ಯೇಕ ಕಾರ್ಯಾಲಯವನ್ನು ಸ್ಥಾಪಿಸಿದರು.

ಟ್ರೆಂಟ್ ಮಹಾಸಭೆಯ ಬಳಿಕ ಐದನೆಯ ಪಿಯುಸ್ 1568ರಲ್ಲಿ ಪ್ರಾರ್ಥನಾ ಪುಸ್ತಕವನ್ನೂ 1570ರಲ್ಲಿ ಪೂಜಾ ಪುಸ್ತಕವನ್ನೂ ಪ್ರಕಟಿಸಿ, ಪಶ್ಚಿಮದ ಧರ್ಮಸಭೆಗೆ ಬಹುಮಟ್ಟಿಗೆ ಏಕರೂಪದ ಪಂಚಾಂಗವನ್ನು ಒದಗಿಸಿದರು. ಆದರೆ ನಂತರದ ನಾಲ್ಕು ಶತಮಾನಗಳಲ್ಲಿ ಹೊಸ ಹೆಸರುಗಳು ಸೇರುತ್ತ ಹೋಗಿ ಪಂಚಾಂಗ ಮತ್ತೆ ಕಿಕ್ಕಿರಿಯಿತು. ಸಂತರ ದಿನಗಳು ಭಾನುವಾರವನ್ನೂ ತಪಸ್ಸುಕಾಲವನ್ನೂ ಮರೆಮಾಡುತ್ತಿವೆ ಎಂಬ ಅಭಿಪ್ರಾಯ ಬಲಗೊಂಡಿತು.

### 1969ರ ಸುಧಾರಣೆ

ಎರಡನೆಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ ಪೋಪ್ ಆರನೆಯ ಪಾಲ್ 1969ರ ಫೆಬ್ರವರಿ 14ರಂದು 'ಮಿಸ್ತೇರಿಯಿ ಪಾಸ್ಕಾಲಿಸ್' ಎಂಬ ಪತ್ರದ ಮೂಲಕ ಪರಿಷ್ಕೃತ ಪಂಚಾಂಗವನ್ನು ಅನುಮೋದಿಸಿದರು. ಅದು 1970ರ ಜನವರಿ 1ರಿಂದ ಜಾರಿಗೆ ಬಂದಿತು. ಕ್ರಿಸ್ತನ ಮರಣ ಮತ್ತು ಪುನರುತ್ಥಾನಕ್ಕೆ ಸಂಬಂಧಿಸಿದ ಆಚರಣೆಗಳಿಗೆ ಪ್ರಾಧಾನ್ಯ ನೀಡುವುದು, ಐತಿಹಾಸಿಕ ಆಧಾರ ದುರ್ಬಲವಾಗಿರುವ ಹೆಸರುಗಳನ್ನು ಸಾಮಾನ್ಯ ಪಂಚಾಂಗದಿಂದ ಬಿಡುವುದು, ಎಲ್ಲ ಖಂಡಗಳ ಸಂತರಿಗೆ ಸ್ಥಾನ ಕೊಡುವುದು ಹಾಗೂ ಉಳಿದವರ ಸ್ಮರಣೆಯನ್ನು ಸ್ಥಳೀಯ ಪಂಚಾಂಗಗಳಿಗೆ ಒಪ್ಪಿಸುವುದು ಈ ಸುಧಾರಣೆಯ ತಿರುಳಾಗಿತ್ತು.

ಸಾಮಾನ್ಯ ಪಂಚಾಂಗದಿಂದ ಹೆಸರನ್ನು ಬಿಡುವುದೆಂದರೆ ಸಂತ ಪದವಿಯನ್ನು ಹಿಂತೆಗೆದುಕೊಳ್ಳುವುದು ಎಂದರ್ಥವಲ್ಲ. ಸಂತ ಕ್ರಿಸ್ಟೋಫರನ ಆಚರಣೆಯನ್ನು 1969ರಲ್ಲಿ ಸ್ಥಳೀಯ ಪಂಚಾಂಗಗಳಿಗೆ ಬಿಡಲಾಯಿತು. ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳ ಹೆಸರನ್ನು ಆಗ ಕೈಬಿಟ್ಟು, 2002ರಲ್ಲಿ ನವೆಂಬರ್ 25ರ ಐಚ್ಛಿಕ ಸ್ಮರಣೆಯಾಗಿ ಮತ್ತೆ ಸೇರಿಸಲಾಯಿತು. ಮನ್ನಣೆ ಪಡೆದ ಸಂತರ ವಿಸ್ತೃತ ಪಟ್ಟಿಯಾದ ರೋಮನ್ ಮಾರ್ಟಿರಾಲಜಿಯಲ್ಲಿ ಸಾವಿರಾರು ಹೆಸರುಗಳಿದ್ದು, ಅದರ ಸಣ್ಣ ಭಾಗ ಮಾತ್ರ ಸಾಮಾನ್ಯ ಪಂಚಾಂಗದಲ್ಲಿದೆ.

## ಆಚರಣೆಯ ದರ್ಜೆಗಳು

ಪ್ರಸ್ತುತ ಪದ್ಧತಿಯಲ್ಲಿ ನಾಲ್ಕು ದರ್ಜೆಗಳಿವೆ.

1. ಮಹೋತ್ಸವ: ಅತ್ಯುನ್ನತ ದರ್ಜೆ. ಹಿಂದಿನ ದಿನದ ಸಂಜೆಯಿಂದಲೇ ಇದು ಆರಂಭವಾಗುತ್ತದೆ. ಸಂತ ಜೋಸೆಫರ ಮಾರ್ಚ್ 19, ಸ್ನಾನಿಕ ಯೊವಾನ್ನರ ಜನನದ ಜೂನ್ 24, ಸಂತ ಪೇತ್ರ ಮತ್ತು ಪೌಲರ ಜೂನ್ 29, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಆಗಸ್ಟ್ 15, ಸಕಲ ಸಂತರ ನವೆಂಬರ್ 1 ಇದಕ್ಕೆ ಉದಾಹರಣೆಗಳು.
2. ಹಬ್ಬ: ಪ್ರೇಷಿತರು ಮತ್ತು ಶುಭಸಂದೇಶಕಾರರ ದಿನಗಳು, ಸಂತ ಲಾರೆನ್ಸನ ಆಗಸ್ಟ್ 10, ಸಂತ ಸ್ತೇಫಾನನ ಡಿಸೆಂಬರ್ 26 ಈ ದರ್ಜೆಯವು. ಮಗ್ದಲದ ಮರಿಯಳ ಜುಲೈ 22ನ್ನು 2016ರಲ್ಲಿ ಸ್ಮರಣೆಯಿಂದ ಹಬ್ಬದ ದರ್ಜೆಗೆ ಏರಿಸಲಾಯಿತು.
3. ಕಡ್ಡಾಯ ಸ್ಮರಣೆ: ಪಾದುವಾದ ಸಂತ ಅಂತೋಣಿಯವರ ಜೂನ್ 13, ಅಸ್ಸಿಸಿಯ ಸಂತ ಫ್ರಾನ್ಸಿಸರ ಅಕ್ಟೋಬರ್ 4 ಮೊದಲಾದವು.
4. ಐಚ್ಛಿಕ ಸ್ಮರಣೆ: ಆಚರಿಸುವುದು ಅಥವಾ ಬಿಡುವುದು ಗುರುಗಳ ಆಯ್ಕೆಗೆ ಸೇರಿದ್ದು. ಸಂತ ಜಾರ್ಜರ ಏಪ್ರಿಲ್ 23 ಇಂತಹದು.

ರಕ್ತಸಾಕ್ಷಿಗಳ ದಿನದಂದು ಗುರುಗಳು ಕೆಂಪು ಬಣ್ಣದ ಪೂಜಾವಸ್ತ್ರವನ್ನೂ ಇತರ ಸಂತರ ದಿನದಂದು ಬಿಳಿಯ ವಸ್ತ್ರವನ್ನೂ ಧರಿಸುತ್ತಾರೆ.

### ಎರಡು ಆಚರಣೆಗಳು ಒಂದೇ ದಿನ ಬಂದಾಗ

ಎರಡು ಆಚರಣೆಗಳು ಒಂದೇ ದಿನ ಬಂದರೆ ಮೇಲಿನ ದರ್ಜೆಯದು ಉಳಿಯುತ್ತದೆ. ಸಂತರ ಹಬ್ಬ ಅಥವಾ ಸ್ಮರಣೆಯು ಭಾನುವಾರ ಬಂದರೆ ಆ ವರ್ಷ ಅದನ್ನು ಬಿಡಲಾಗುತ್ತದೆ. ಸಾಧಾರಣ ಕಾಲದ ಭಾನುವಾರದಂದು ಬಂದ ಮಹೋತ್ಸವ ಮಾತ್ರ ಭಾನುವಾರದ ಸ್ಥಾನವನ್ನು ಪಡೆಯುತ್ತದೆ. 2025ರಲ್ಲಿ ಜೂನ್ 29 ಮತ್ತು ಆಗಸ್ಟ್ 10 ಎರಡೂ ಭಾನುವಾರಗಳಾಗಿದ್ದವು. ಮಹೋತ್ಸವವಾದ ಪೇತ್ರ ಮತ್ತು ಪೌಲರ ದಿನ ಉಳಿಯಿತು. ಹಬ್ಬದ ದರ್ಜೆಯ ಲಾರೆನ್ಸನ ದಿನಕ್ಕೆ ಸಾಮಾನ್ಯ ಪಂಚಾಂಗದಲ್ಲಿ ಭಾನುವಾರವೇ ಮೇಲಾಯಿತು. ಆದರೆ ಸಂತ ಲಾರೆನ್ಸನ ಹೆಸರಿನಲ್ಲಿ ಪ್ರತಿಷ್ಠಿತವಾದ ದೇವಾಲಯದಲ್ಲಿ ಆ ದಿನ ಮಹೋತ್ಸವದ ದರ್ಜೆಯನ್ನು ಪಡೆಯುವುದರಿಂದ ಅಲ್ಲಿ ಈ ಫಲ ಬೇರೆಯಾಗುತ್ತದೆ.

ಆಗಮನಕಾಲ, ತಪಸ್ಸುಕಾಲ ಮತ್ತು ಪಾಸ್ಕಕಾಲದ ಭಾನುವಾರಗಳು ಮಹೋತ್ಸವಗಳಿಗಿಂತಲೂ ಮೇಲಿನವು. 2023ರಲ್ಲಿ ಮಾರ್ಚ್ 19 ತಪಸ್ಸುಕಾಲದ ಭಾನುವಾರವಾದುದರಿಂದ ಸಂತ ಜೋಸೆಫರ ಮಹೋತ್ಸವ ಮಾರ್ಚ್ 20ಕ್ಕೆ ಸರಿಯಿತು. 2024ರಲ್ಲಿ ಮಾರ್ಚ್ 25 ಪವಿತ್ರ ವಾರದ ಸೋಮವಾರವಾದುದರಿಂದ ಮಂಗಳವಾರ್ತೆಯ ಮಹೋತ್ಸವ ಏಪ್ರಿಲ್ 8ರಂದು ನಡೆಯಿತು.

## ಭಾರತದ ಪಂಚಾಂಗ

ಪ್ರತಿ ದೇಶದ ಧರ್ಮಾಧ್ಯಕ್ಷರ ಮಂಡಳಿಯು ರೋಮಿನ ಅನುಮೋದನೆಯೊಂದಿಗೆ ತನ್ನ ವಿಶೇಷ ದಿನಗಳನ್ನು ಸೇರಿಸಬಹುದು, ದರ್ಜೆಯನ್ನು ಬದಲಿಸಬಹುದು. ಪರಂಪರೆಯ ಪ್ರಕಾರ ಭಾರತಕ್ಕೆ ಬಂದ ಪ್ರೇಷಿತ ಸಂತ ತೋಮಾಸರ ದಿನವು ಸಾಮಾನ್ಯ ಪಂಚಾಂಗದಲ್ಲಿ ಹಬ್ಬ, ಭಾರತದಲ್ಲಿ ಮಹೋತ್ಸವ. 1969ರ ಮೊದಲು ಅದು ಡಿಸೆಂಬರ್ 21ರಂದು ಬರುತ್ತಿತ್ತು. ಕ್ರಿಸ್ತಜಯಂತಿಯ ಸಿದ್ಧತೆಯ ಕೊನೆಯ ದಿನಗಳಿಗೆ ಅಡ್ಡಬರಬಾರದೆಂದು ಅದನ್ನು, ಸಿರಿಯನ್ ಪರಂಪರೆಯಲ್ಲಿ ಮೊದಲೇ ಇದ್ದ ಜುಲೈ 3ಕ್ಕೆ ಬದಲಾಯಿಸಲಾಯಿತು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದಿನಕ್ಕೂ ಭಾರತದಲ್ಲಿ ಸಾಮಾನ್ಯ ಪಂಚಾಂಗಕ್ಕಿಂತ ಹೆಚ್ಚಿನ ದರ್ಜೆಯಿದೆ.

ಭಾರತಕ್ಕೆ ಸಂಬಂಧಿಸಿದ ಇತರ ಕೆಲವು ಸಂತರು:

* ಸಂತ ದೇವಸಹಾಯಂ: ಜನವರಿ 14. ತಿರುವಾಂಕೂರಿನಲ್ಲಿ 1752ರಲ್ಲಿ ಹತರಾದ ಗೃಹಸ್ಥ. 2022ರ ಮೇ 15ರಂದು ಸಂತ ಪದವಿ.
* ಸಂತ ಜೋಸೆಫ್ ವಾಜ್: ಜನವರಿ 16. ಗೋವಾದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ 1711ರಲ್ಲಿ ನಿಧನರಾದ ಗುರು.
* ಸಂತ ಗೊನ್ಸಾಲೊ ಗಾರ್ಸಿಯಾ: ಫೆಬ್ರವರಿ 6. 1862ರಲ್ಲಿ ಸಂತ ಪದವಿ ಪಡೆದ, ಭಾರತದಲ್ಲಿ ಹುಟ್ಟಿದ ಮೊದಲ ಸಂತ.
* ಸಂತ ಅಲ್ಫೋನ್ಸಾ: ಜುಲೈ 28. 1946ರಲ್ಲಿ ನಿಧನರಾದ ಕೇರಳದ ಸನ್ಯಾಸಿನಿ. 2008ರಲ್ಲಿ ಸಂತ ಪದವಿ.
* ಕೋಲ್ಕತ್ತದ ಸಂತ ತೆರೇಸಾ: ಸೆಪ್ಟೆಂಬರ್ 5. 1997ರಲ್ಲಿ ನಿಧನ, 2016ರಲ್ಲಿ ಸಂತ ಪದವಿ. 2025ರಲ್ಲಿ ಪ್ರಕಟವಾದ ಆದೇಶದಿಂದ ಇವರ ದಿನ ಸಾಮಾನ್ಯ ಪಂಚಾಂಗದಲ್ಲಿ ಐಚ್ಛಿಕ ಸ್ಮರಣೆಯಾಯಿತು.

ತೆರೇಸಾರ ಉದಾಹರಣೆಯಿಂದ ಸ್ಪಷ್ಟವಾಗುವಂತೆ, ಸಂತ ಪದವಿ ದೊರೆತ ಮಾತ್ರಕ್ಕೆ ಲೋಕವ್ಯಾಪಿ ಪಂಚಾಂಗದಲ್ಲಿ ಸ್ಥಾನ ದೊರೆಯುವುದಿಲ್ಲ. ಪುನೀತ ಪದವಿಯವರ ಆಚರಣೆಯು ಇನ್ನೂ ಸೀಮಿತವಾಗಿದ್ದು, ನಿರ್ದಿಷ್ಟ ಪ್ರದೇಶ ಅಥವಾ ಸನ್ಯಾಸ ಸಭೆಗೆ ಮಾತ್ರ ಅನುಮತಿಸಲ್ಪಡುತ್ತದೆ. 1681ರಿಂದ 1684ರವರೆಗೆ ಕೆನರಾ ಪ್ರದೇಶದಲ್ಲಿ ಸೇವೆ ಸಲ್ಲಿಸಿದ ಜೋಸೆಫ್ ವಾಜ್ ಅವರು 1995ರಲ್ಲಿ ಪುನೀತರೆಂದೂ 2015ರ ಜನವರಿ 14ರಂದು ಸಂತರೆಂದೂ ಘೋಷಿತರಾದರು. ಎರಡೂ ಘೋಷಣೆಗಳು ಕೊಲಂಬೊದಲ್ಲಿ ನಡೆದವು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಸಿರೋ-ಮಲಬಾರ್ ಮೊದಲಾದ ಪೌರಸ್ತ್ಯ ವಿಧಿಯ ಕಥೋಲಿಕರು ತಮ್ಮದೇ ಪಂಚಾಂಗವನ್ನು ಅನುಸರಿಸುತ್ತಾರೆ. ಕರ್ನಾಟಕದಲ್ಲಿ ಬೆಳ್ತಂಗಡಿ, ಭದ್ರಾವತಿ ಮತ್ತು ಮಂಡ್ಯಗಳಲ್ಲಿ ಅವರ ಧರ್ಮಪ್ರಾಂತ್ಯಗಳಿವೆ.

## ಕರ್ನಾಟಕದಲ್ಲಿ ಸಂತರ ಹಬ್ಬಗಳು

ಕರ್ನಾಟಕದ ಧರ್ಮಕೇಂದ್ರಗಳಲ್ಲಿ ಪಾಲಕ ಸಂತರ ಹಬ್ಬವು ಸಾಮಾನ್ಯವಾಗಿ ಧ್ವಜಾರೋಹಣದಿಂದ ಆರಂಭವಾಗುತ್ತದೆ. ನೊವೇನ ಎಂಬ ಒಂಬತ್ತು ದಿನಗಳ ಪ್ರಾರ್ಥನೆ, ಹಬ್ಬದ ಬಲಿಪೂಜೆ, ಅಲಂಕೃತ ತೇರಿನಲ್ಲಿ ಸಂತರ ಪ್ರತಿಮೆಯ ಮೆರವಣಿಗೆ ಹಾಗೂ ಧ್ವಜ ಇಳಿಸುವುದು ಇದರ ಮುಖ್ಯ ಅಂಗಗಳು.

### ಸೆಪ್ಟೆಂಬರ್ 8

ಮರಿಯಮ್ಮನವರ ಜನನದ ಹಬ್ಬವು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ರೂಪ ತಾಳಿದೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜವೇರಿಸಿ, ಹಬ್ಬದ ದಿನ ತೇರನ್ನು ಎಳೆಯಲಾಗುತ್ತದೆ. ಮಂಗಳೂರು ಮತ್ತು ಉಡುಪಿಯ ಕೊಂಕಣಿ ಕಥೋಲಿಕರಿಗೆ ಅದೇ ದಿನ 'ಮೊಂತಿ ಫೆಸ್ತ್', ಅಂದರೆ ತೆನೆಹಬ್ಬ. ಮಕ್ಕಳು ಮರಿಯಮ್ಮನವರಿಗೆ ಹೂವುಗಳನ್ನು ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ದು, ಅದರ ಕಾಳನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಅಂದು ಸಸ್ಯಾಹಾರದ ಊಟ ಮಾಡುವುದು ರೂಢಿ. 1763ರಲ್ಲಿ ಫರಂಗಿಪೇಟೆಯಲ್ಲಿ ಗುರು ಜೋಕಿಮ್ ಮಿರಾಂದಾ ಅವರು ಇದನ್ನು ಆರಂಭಿಸಿದರೆಂದು ಹೇಳಲಾಗುತ್ತದೆ.

### ಅತ್ತೂರಿನ ಸಂತ ಲಾರೆನ್ಸ್

ಉಡುಪಿ ಜಿಲ್ಲೆಯ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ದೇವಾಲಯದ ಆರಂಭವನ್ನು 1759ಕ್ಕೆ ಗುರುತಿಸಲಾಗುತ್ತದೆ. 2016ರಲ್ಲಿ ಇದಕ್ಕೆ ಕಿರು ಬಸಿಲಿಕಾ ಪದವಿ ದೊರೆಯಿತು. ಪಂಚಾಂಗದ ಪ್ರಕಾರ ಲಾರೆನ್ಸನ ಹಬ್ಬ ಆಗಸ್ಟ್ 10. ಆದರೆ ಎಲ್ಲ ಮತಧರ್ಮಗಳ ಜನ ಸೇರುವ ಅತ್ತೂರಿನ ಪ್ರಸಿದ್ಧ ವಾರ್ಷಿಕ ಜಾತ್ರೆ ಜನವರಿ ತಿಂಗಳಲ್ಲಿ ಹಲವು ದಿನಗಳ ಕಾಲ ನಡೆಯುತ್ತದೆ. ಕರಾವಳಿಯಲ್ಲಿ ಆಗಸ್ಟ್ ಮಳೆಗಾಲ, ಜನವರಿ ಒಣಹವೆಯ ಕಾಲ. ಪೂಜಾವಿಧಿಯ ದಿನಾಂಕ ಮತ್ತು ಜನಜಾತ್ರೆಯ ದಿನಾಂಕ ಒಂದೇ ಆಗಿರಬೇಕಾಗಿಲ್ಲ ಎಂಬುದಕ್ಕೆ ಇದು ರಾಜ್ಯದ ಪ್ರಮುಖ ನಿದರ್ಶನ.

### ಮೈಸೂರಿನ ಸಂತ ಫಿಲೋಮಿನಾ

ರೋಮಿನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ 1802ರಲ್ಲಿ ದೊರೆತ ಅಸ್ಥಿಗಳನ್ನು ಫಿಲೋಮಿನಾ ಎಂಬ ರಕ್ತಸಾಕ್ಷಿಯದೆಂದು ಗುರುತಿಸಲಾಯಿತು. ಆಕೆಯ ಭಕ್ತಿ 19ನೆಯ ಶತಮಾನದಲ್ಲಿ ಶೀಘ್ರವಾಗಿ ಹರಡಿತು. ಆಗಸ್ಟ್ 11 ಆಕೆಯ ದಿನವಾಯಿತು. ಮೈಸೂರಿನಲ್ಲಿ ಆಕೆಯ ಹೆಸರನ್ನು ಹೊತ್ತ ಗೋಥಿಕ್ ಶೈಲಿಯ ಪ್ರಧಾನಾಲಯಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಆಕೆಯ ಜೀವನದ ಬಗ್ಗೆ ವಿಶ್ವಾಸಾರ್ಹ ಐತಿಹಾಸಿಕ ದಾಖಲೆಗಳಿಲ್ಲದ ಕಾರಣ 1961ರಲ್ಲಿ ರೋಮಿನ ಕಾರ್ಯಾಲಯವು ಆಕೆಯ ಹೆಸರನ್ನು ಎಲ್ಲ ಪೂಜಾವಿಧಿ ಪಂಚಾಂಗಗಳಿಂದ ತೆಗೆಯುವಂತೆ ಸೂಚಿಸಿತು. ದೇವಾಲಯದ ಹೆಸರಾಗಲಿ ಜನರ ವೈಯಕ್ತಿಕ ಭಕ್ತಿಯಾಗಲಿ ಇದರಿಂದ ನಿಲ್ಲಲಿಲ್ಲ. ಸಂತ ಜೋಸೆಫರ ಹೆಸರೂ ಸೇರಿರುವ ಈ ಪ್ರಧಾನಾಲಯವನ್ನು ಜನರು ಇಂದಿಗೂ ಸಂತ ಫಿಲೋಮಿನಾ ಚರ್ಚೆಂದೇ ಕರೆಯುತ್ತಾರೆ.

### ಡೋರ್ನಹಳ್ಳಿಯ ಸಂತ ಅಂತೋಣಿ

ಮೈಸೂರು ಜಿಲ್ಲೆಯ ಕೃಷ್ಣರಾಜನಗರ ತಾಲೂಕಿನ ಡೋರ್ನಹಳ್ಳಿಯು ಸಂತ ಅಂತೋಣಿಯವರ ಯಾತ್ರಾಸ್ಥಳ. 2019ರಲ್ಲಿ ಇದೂ ಕಿರು ಬಸಿಲಿಕಾ ಆಯಿತು. ಜೂನ್ 13ರ ಹಬ್ಬಕ್ಕೆ ಬೇರೆ ಬೇರೆ ಧರ್ಮಗಳ ಭಕ್ತರು ಬರುತ್ತಾರೆ. ನಿಧನದ ಒಂದು ವರ್ಷದೊಳಗೆ, 1232ರ ಮೇ 30ರಂದೇ ಅಂತೋಣಿಯವರಿಗೆ ಸಂತ ಪದವಿ ದೊರೆತಿತ್ತು. ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತರೆಂದು ಅವರನ್ನು ಪ್ರಾರ್ಥಿಸುವುದು, ಅವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವುದು ಕಥೋಲಿಕ ಲೋಕದಲ್ಲಿ ವ್ಯಾಪಕವಾಗಿದೆ.

### ಸಂತರು ಮತ್ತು ವ್ಯಕ್ತಿನಾಮಗಳು

ಮಗುವಿಗೆ ಸಂತರ ಹೆಸರಿಡುವ ಪದ್ಧತಿಯಿಂದ ಹಬ್ಬದ ದಿನವು ಆ ಹೆಸರಿನವರ ನಾಮದಿನವೂ ಆಗುತ್ತದೆ. ದಕ್ಷಿಣ ಕರ್ನಾಟಕದ ಹಳೆಯ ಕಥೋಲಿಕ ಕುಟುಂಬಗಳಲ್ಲಿ ಈ ಹೆಸರುಗಳು ದೇಶೀಯ ರೂಪದಲ್ಲಿವೆ. ಪೇತ್ರನು ರಾಯಪ್ಪ, ಪೌಲನು ಚಿನ್ನಪ್ಪ, ಯೊವಾನ್ನನು ಅರುಳಪ್ಪ, ಇಗ್ನೇಷಿಯಸನು ಇನ್ನಾಸಪ್ಪ, ಕ್ಸೇವಿಯರನು ಚೌರಪ್ಪ, ಅಂತೋಣಿಯು ಅಂತೋಣಪ್ಪ ಎಂದಾಗಿವೆ. ಇವುಗಳಲ್ಲಿ ಹಲವು ತಮಿಳು ಕ್ರೈಸ್ತ ಬಳಕೆಯ ಮೂಲಕ ಬಂದವು.

### ನವೆಂಬರ್ ತಿಂಗಳ ಆರಂಭ

ನವೆಂಬರ್ 1ರ ಸಕಲ ಸಂತರ ಮಹೋತ್ಸವವು ಹೆಸರು ದಾಖಲಾಗದ ಸಂತರನ್ನೂ ಒಳಗೊಳ್ಳುತ್ತದೆ. ಮರುದಿನ ಸಕಲ ಮೃತರ ಸ್ಮರಣೆ. ಅಂದು ಕುಟುಂಬದವರು ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಕರ್ನಾಟಕದಲ್ಲಿ ನವೆಂಬರ್ 1 ಕನ್ನಡ ರಾಜ್ಯೋತ್ಸವದ ರಜಾದಿನವೂ ಆಗಿದೆ. ಹಾಗೆಯೇ ಮರಿಯಮ್ಮನವರ ಸ್ವರ್ಗಸ್ವೀಕಾರದ ಆಗಸ್ಟ್ 15 ಸ್ವಾತಂತ್ರ್ಯ ದಿನಾಚರಣೆಯೊಡನೆ ಕೂಡಿಬರುತ್ತದೆ.

## ಕೊಪ್ಪಳ ಜಿಲ್ಲೆ ಮತ್ತು ಯಲಬುರ್ಗಾ ಪ್ರದೇಶ

ಯಲಬುರ್ಗಾ, ಕೊಪ್ಪಳ, ಗಂಗಾವತಿ ಮತ್ತು ಕುಷ್ಟಗಿ ತಾಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದವು. ಲ್ಯಾಟಿನ್ ವಿಧಿಯ ಕಥೋಲಿಕರ ಆಡಳಿತದಲ್ಲಿ ಈ ಜಿಲ್ಲೆಯು 1949ರ ಮಾರ್ಚ್ 10ರಂದು ಸ್ಥಾಪಿತವಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅದರ ಪ್ರಧಾನಾಲಯ ಬಳ್ಳಾರಿಯಲ್ಲಿರುವ ಸಂತ ಅಂತೋಣಿಯವರ ದೇವಾಲಯ. ಕುಷ್ಟಗಿ ಸೀಮೆಯ ನೆರೆಯಲ್ಲಿರುವ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ, ಅಂದರೆ 16ನೆಯ ಶತಮಾನದಿಂದ ಕಥೋಲಿಕ ಸಮುದಾಯವಿದೆ. ಮೊಹರಂ ಆಚರಣೆಗೂ ಹೆಸರಾದ ಆ ಊರಿನಲ್ಲಿ ಹಿಜರಿ, ಚಾಂದ್ರಮಾನ ಮತ್ತು ಗ್ರೆಗೋರಿಯನ್ ಎಂಬ ಮೂರು ಕಾಲಗಣನೆಗಳ ಹಬ್ಬಗಳು ಒಟ್ಟಿಗೆ ಬದುಕಿವೆ.

ಯಲಬುರ್ಗಾದಂತಹ ಊರಿನಲ್ಲಿ ಒಂದು ದಿನಕ್ಕೆ ಯಾವ ಆಚರಣೆ ಅನ್ವಯಿಸುತ್ತದೆ ಎಂಬುದನ್ನು ತಿಳಿಯಲು ನಾಲ್ಕು ಹಂತಗಳನ್ನು ಕ್ರಮವಾಗಿ ನೋಡಬೇಕಾಗುತ್ತದೆ:

1. ಸಾಮಾನ್ಯ ರೋಮನ್ ಪಂಚಾಂಗ: ಆ ದಿನಾಂಕದ ಸಂತರು ಮತ್ತು ದರ್ಜೆ.
2. ಭಾರತದ ಪಂಚಾಂಗ: ಉದಾಹರಣೆಗೆ, ಜುಲೈ 3 ಇಲ್ಲಿ ಮಹೋತ್ಸವವಾಗುತ್ತದೆ.
3. ಬಳ್ಳಾರಿ ಧರ್ಮಪ್ರಾಂತ್ಯದ ಪಂಚಾಂಗ: ಪ್ರಧಾನಾಲಯದ ಪ್ರತಿಷ್ಠಾಪನೆಯ ವಾರ್ಷಿಕೋತ್ಸವವು ಪ್ರಧಾನಾಲಯದಲ್ಲಿ ಮಹೋತ್ಸವ, ಧರ್ಮಪ್ರಾಂತ್ಯದ ಉಳಿದ ದೇವಾಲಯಗಳಲ್ಲಿ ಹಬ್ಬ.
4. ಆಯಾ ದೇವಾಲಯ: ದೇವಾಲಯವು ಯಾರ ಹೆಸರಿನಲ್ಲಿದೆಯೋ ಆ ಸಂತರ ದಿನ, ಸಾಮಾನ್ಯ ಪಂಚಾಂಗದಲ್ಲಿ ಸ್ಮರಣೆ ಮಾತ್ರವಾಗಿದ್ದರೂ, ಆ ದೇವಾಲಯದಲ್ಲಿ ಮಹೋತ್ಸವ.

ಕೊಪ್ಪಳ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆ. ಸಂತರ ದಿನಗಳಿಗೆ ಸಾರ್ವಜನಿಕ ರಜೆಯೂ ಇರುವುದಿಲ್ಲ. ಕೆಲಸದ ದಿನದಂದು ಬಂದ ಹಬ್ಬಕ್ಕೆ ದೂರದ ಊರುಗಳಲ್ಲಿ ಚದುರಿರುವ ಕುಟುಂಬಗಳು ಸೇರುವುದು ಕಷ್ಟ. ಇಂತಹ ಸಂದರ್ಭಗಳಿಗೆ ಪೂಜಾವಿಧಿಯ ನಿಯಮಗಳಲ್ಲಿಯೇ ಅವಕಾಶವಿದೆ. ವಾರದ ನಡುವೆ ಬರುವ, ಜನರ ಭಕ್ತಿಗೆ ಪಾತ್ರವಾದ ಹಾಗೂ ದರ್ಜೆಯಲ್ಲಿ ಭಾನುವಾರಕ್ಕಿಂತ ಮೇಲಿನದಾದ ಆಚರಣೆಯನ್ನು ಸಾಧಾರಣ ಕಾಲದ ಭಾನುವಾರದಂದು ಜನರೊಡನೆ ನೆರವೇರಿಸಬಹುದು. ದೇವಾಲಯದ ಪಾಲಕ ಸಂತರ ಮಹೋತ್ಸವವು ಇದಕ್ಕೆ ಒಳಪಡುತ್ತದೆ. ಆದರೆ ತಪಸ್ಸುಕಾಲ, ಆಗಮನಕಾಲ ಮತ್ತು ಪಾಸ್ಕಕಾಲದ ಭಾನುವಾರಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಹೀಗಾಗಿ ಜೂನ್ 13ರ ಸಂತ ಅಂತೋಣಿಯವರ ದಿನದಂತಹ ಪಾಲಕ ಹಬ್ಬವನ್ನು ಸಮೀಪದ ಭಾನುವಾರ ಇಟ್ಟುಕೊಳ್ಳಲು ಸಾಮಾನ್ಯವಾಗಿ ಸಾಧ್ಯವಿದ್ದರೆ, ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವವನ್ನು ತಪಸ್ಸುಕಾಲದ ಭಾನುವಾರಕ್ಕೆ ಸರಿಸಲು ಸಾಧ್ಯವಿಲ್ಲ. ಸಂತ ಜೋಸೆಫರಿಗೆ ಮೇ 1ರಂದು ಶ್ರಮಿಕರ ಪಾಲಕರೆಂಬ ಇನ್ನೊಂದು ಸ್ಮರಣೆಯಿದೆ. ಹನ್ನೆರಡನೆಯ ಪಿಯುಸ್ 1955ರಲ್ಲಿ ಇದನ್ನು ಆರಂಭಿಸಿದರು. ಕಾರ್ಮಿಕ ದಿನಾಚರಣೆಯ ಸರ್ಕಾರಿ ರಜೆ ಅದೇ ದಿನ ಇರುವುದರಿಂದ, ವಾರದ ಯಾವ ದಿನ ಬಂದರೂ ಜನರು ಸೇರಲು ಅನುಕೂಲವಾದ ಕೆಲವೇ ಸಂತರ ದಿನಗಳಲ್ಲಿ ಇದೂ ಒಂದಾಗಿದೆ.